ಪಿಳ್ಳಮ್ಮನ ಕಜ್ಜಾಯ

ನಮ್ಮ ಮನೆಯಲ್ಲಿ ರಾಗಿ ಸುರಿಯುವುದಕ್ಕೂ ಹೊತ್ತು ನೋಡುತ್ತಿದ್ದರು. ರಾಹುಕಾಲ, ಗುಳಿಕಕಾಲ ಅಂತಲ್ಲ. ಚಿಕ್ಕಪ್ಪ ಮನೆಯಲ್ಲಿ ಇಲ್ಲದ ಹೊತ್ತು ಆಗಬೇಕಿತ್ತು. ಮೂಟೆಯ ಬಾಯಿ ಬಿಚ್ಚಿ ಮಣ್ಣಿನ ವಾಡೆಗೆ ರಾಗಿ ಸುರಿದರೆ ಒಂದು ಸದ್ದು ಬರುತ್ತದೆ, ಮೊದಲು ಸಣ್ಣಗೆ ಸರಸರ, ಆಮೇಲೆ ಒಂದೇ ಸಮನೆ ಜರ್ರೆಂದು. ಅದು ಕಿವಿಗೆ ಬಿದ್ದರೆ ಚಿಕ್ಕಪ್ಪ ಉಣ್ಣುತ್ತಿದ್ದ ತಟ್ಟೆಯನ್ನು ಅಲ್ಲೇ ಬಿಟ್ಟು ಹಿತ್ತಲಿಗೆ ಓಡುತ್ತಿದ್ದ. ಸೀಬೆ ಮರದಾಚೆಯ ಬಯಲಲ್ಲಿ ನಿಂತು, ತಲೆಯೆತ್ತಿ, ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತಿದ್ದ. ಎರಡು ಸಲ ಹೀಗಾದ ಮೇಲೆ ಅಮ್ಮ ಹುಷಾರಾದಳು. ಅವನು ದ್ರಾಕ್ಷಿ ತೋಟಕ್ಕೆ ಹೊರಟು ಬೀದಿಯ ತಿರುವು ದಾಟಬೇಕು, ಬಾಗಿಲಲ್ಲಿ ಕಾವಲು ನಿಂತ ನಾನು ‘ಹೋದ’ ಎಂದು ಕೂಗಬೇಕು, ಆಮೇಲೆಯೇ ಮೂಟೆ ಬಗ್ಗಬೇಕು. ಒಂಬತ್ತು ವರ್ಷದ ನನಗೆ ಆ ಕಾವಲಿನಲ್ಲಿ ಭಾರೀ ಜಂಬ. ದೊಡ್ಡವರ ಕೆಲಸವೊಂದು ನನ್ನ ಕೂಗಿಗೆ ಕಾಯುತ್ತಿತ್ತಲ್ಲ.

ಈ ಓಟದ ಕಾರಣ ಇಡೀ ಕೊಡಿಗೇಹಳ್ಳಿಗೆ ಗೊತ್ತಿತ್ತು, ನಮ್ಮ ಮನೆಯಲ್ಲಿ ಮಾತ್ರ ಯಾರೂ ಬಾಯಿ ಬಿಡುತ್ತಿರಲಿಲ್ಲ. ಕೆರೆಯ ಕಡೆ ನಮಗೊಂದು ತುಂಡು ಹೊಲ, ಅದರಲ್ಲೊಂದು ಹಳೆಯ ಬಾವಿ. ಬೇಸಿಗೆಗೆ ಮುಂಚೆ ಹೂಳೆತ್ತಿಸಬೇಕೆಂದು ಅಪ್ಪ ತೀರ್ಮಾನಿಸಿದ. ಇಳಿದವರು ಇಬ್ಬರು: ಅಪ್ಪನ ತಮ್ಮ, ಅಂದರೆ ನನ್ನ ಚಿಕ್ಕಪ್ಪ ಕಿಟ್ಟಪ್ಪ, ಮತ್ತು ಅವನ ಜೀವದ ಗೆಳೆಯ ಮುನಿರಾಜು. ಮುನಿರಾಜು ಹೆಬ್ಬಾಳದವನು, ನಮ್ಮ ತೋಟಕ್ಕೆ ಕೂಲಿಗೆ ಬರುತ್ತಿದ್ದ, ಇಬ್ಬರಿಗೂ ಇಪ್ಪತ್ತೆರಡು. ಮಧ್ಯಾಹ್ನದ ಊಟದ ಹೊತ್ತಿಗೆ ಬಾವಿಯ ಒಂದು ಮಗ್ಗುಲು ಕುಸಿದು ಇಬ್ಬರ ಮೇಲೂ ಬಿತ್ತು. ಮಣ್ಣು ಬಗೆದು ಅವರನ್ನು ಮುಟ್ಟುವಷ್ಟರಲ್ಲಿ ಮರುದಿನ ಬೆಳಗಾಗಿತ್ತು. ಚಿಕ್ಕಪ್ಪ ಎದೆಯವರೆಗೆ ಹೂತುಹೋಗಿದ್ದ, ತಲೆಯ ಮೇಲೆ ಅಡ್ಡ ಬಿದ್ದ ದಿಮ್ಮಿಯೊಂದು ಅವನನ್ನು ಉಳಿಸಿತ್ತು. ಅವನಿಂದ ಒಂದು ಮಾರು ದೂರದಲ್ಲಿ ಮುನಿರಾಜು ಸತ್ತಿದ್ದ. ತಕ್ಷಣ ಸತ್ತಿರಲಿಲ್ಲ, ಸಂಜೆಯವರೆಗೂ ಒಳಗಿಂದ ಎರಡು ದನಿ ಕೇಳುತ್ತಿದ್ದವು, ಆಮೇಲೆ ಒಂದೇ ಕೇಳಿತು ಎಂದು ಮೇಲೆ ನಿಂತಿದ್ದವರು ಹೇಳಿದರು. ಒಳಗೆ ಅವರಿಬ್ಬರೂ ಏನು ಮಾತಾಡಿಕೊಂಡರು ಎಂಬುದು ಮೇಲಿನವರಿಗೆ ತಿಳಿಯಲಿಲ್ಲ. ಅದು ಚಿಕ್ಕಪ್ಪನೊಬ್ಬನಿಗೇ ಗೊತ್ತಿತ್ತು. ಅಪ್ಪ ಬಾವಿ ಮುಚ್ಚಿಸಿ ಹೊಲವನ್ನು ಬೀಳು ಬಿಟ್ಟ.

ನಮ್ಮದು ದೊಡ್ಡ ಮನೆಯೇನಲ್ಲ. ಬೀದಿಗೆ ಜಗಲಿ, ಒಳಗೆ ಹಜಾರ, ನಡುಮನೆ, ಕತ್ತಲೆಯ ಅಡುಗೆಮನೆ, ಹಿಂದೆ ಹಿತ್ತಲು. ಆ ವರ್ಷದಿಂದ ಅದರ ಒಂದು ಬಾಗಿಲಿಗೂ ಅಗುಳಿ ಬೀಳಲಿಲ್ಲ. ನಾಯಿ ನುಗ್ಗಿ ಹಾಲು ಕುಡಿದು ಹೋದರೂ ಅಜ್ಜಿ ನಾಯಿಯನ್ನು ಬೈದಳೇ ಹೊರತು ಬಾಗಿಲನ್ನು ಮುಚ್ಚಗೊಡಲಿಲ್ಲ. ಚಿಕ್ಕಪ್ಪ ಮಲಗುತ್ತಿದ್ದುದು ಜಗಲಿಯಲ್ಲಿ, ಊಟ ಹಿತ್ತಲ ಕಟ್ಟೆಯ ಮೇಲೆ. ನಾವೂ ಮುದ್ದೆ, ಬಸ್ಸಾರಿನ ತಟ್ಟೆ ಹಿಡಿದು ಅವನ ಸುತ್ತ ಕೂರುತ್ತಿದ್ದೆವು, ಒಳಗೆ ಕೂತರೆ ಸೆಕೆ ಎಂಬ ನೆಪ ಹೇಳಿಕೊಂಡು. ಮಾಗಿಯ ಚಳಿಯಲ್ಲೂ ನಮಗೆ ಸೆಕೆಯೇ. ಸ್ನಾನ ಮಾತ್ರ ಕಷ್ಟದ ಬಾಬತ್ತು. ಬಚ್ಚಲಿಗೆ ಕಿಟಕಿಯಿರಲಿಲ್ಲ. ನಾನು ಬಚ್ಚಲಿಗೆ ಬೆನ್ನು ಮಾಡಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಪಾಠ ಗಟ್ಟಿಯಾಗಿ ಓದುತ್ತಿದ್ದೆ, ಮನುಷ್ಯರ ದನಿ ಅವನ ಕಿವಿಗೆ ಬೀಳುತ್ತಿರಲಿ ಎಂದು. ಪಾಠ ಮುಗಿದರೆ ಮಗ್ಗಿ, ಮಗ್ಗಿ ಮುಗಿದರೆ ತರಗತಿಯ ಹುಡುಗಿಯರ ಹೆಸರು. ಉಸಿರಿಗೆಂದು ಒಂದು ಕ್ಷಣ ನಿಂತರೂ ಒಳಗಿಂದ ಪ್ರಶ್ನೆ ಬರುತ್ತಿತ್ತು.

“ಕೂಸೇ, ಇದ್ದೀಯೇನೇ?”

“ಇದೀನಿ ಚಿಕ್ಕಪ್ಪ.”

ಇಷ್ಟು ಕೇಳಿದ ಮೇಲೆಯೇ ಮತ್ತೆ ಚೊಂಬಿನ ಸದ್ದು. ಅವನಿಗಾಗಿ ಆ ಮನೆ ಏನೆಲ್ಲ ಮಾಡಿತು ಎಂದು ನೆನೆದರೆ ಈಗಲೂ ಹೆಮ್ಮೆಯಾಗುತ್ತದೆ. ಈಗ ಇಂಥದ್ದಕ್ಕೆ ಹೆಸರುಗಳಿವೆ, ಡಾಕ್ಟರುಗಳಿದ್ದಾರೆ, ಎದುರು ಕೂತು ಮಾತಾಡಿಸುವವರಿದ್ದಾರೆ. ನಮ್ಮಲ್ಲಿ ಇದ್ದದ್ದು ಅಜ್ಜಿ, ಅವಳ ಹಟ, ತೋಳಿಗೊಂದು ತಾಯಿತ. ಒಂದು ಅಕ್ಷರ ಓದದ ಹೆಂಗಸು ಬಾಗಿಲ ವಿಷಯ, ರಾಗಿಯ ವಿಷಯ, ಬಚ್ಚಲ ವಿಷಯವನ್ನೆಲ್ಲ ಮಗನ ಮುಖ ನೋಡಿಯೇ ಅರ್ಥ ಮಾಡಿಕೊಂಡಿದ್ದಳು. ಅವಳು ತಪ್ಪಿದ್ದು ಒಂದು ಕಡೆ ಮಾತ್ರ, ಆ ತಪ್ಪಿಗೆ ನಾನು ಬಲಗೈ.

ಅದು ಶುರುವಾದದ್ದು ಅಜ್ಜಿಯ ತವರಿನ ನೆಂಟನೊಬ್ಬನಿಂದ. ಬಾವಿ ಕುಸಿದು ತಿಂಗಳಾಗಿತ್ತು ಅಷ್ಟೆ. ಆ ಮಹಾರಾಯ ಬಂದು ಕೂತು, ಕಾಫಿ ಕುಡಿದು, ಎಲೆಅಡಿಕೆಗೆ ಸುಣ್ಣ ಹಚ್ಚುತ್ತ ಚಿಕ್ಕಪ್ಪನನ್ನು ಕೇಳಿದ, ‘ಅಲ್ಲ ಕಣೋ, ಪಕ್ದಲ್ಲೇ ಒಬ್ಬ ಸಾಯ್ತಾ ಇದ್ರೆ ನಿಂಗೆಂಗಾಯ್ತು?’ ಎಂದು. ಚಿಕ್ಕಪ್ಪನ ಹಲ್ಲು ಕಟಕಟ ಕಡಿಯತೊಡಗಿತು. ಮೈಯೆಲ್ಲ ನಡುಗಿ, ಜಗಲಿಯ ಕಂಬವನ್ನು ತಬ್ಬಿಕೊಂಡವನನ್ನು ಬಿಡಿಸಲು ಅಪ್ಪನಿಗೂ ಆಗಲಿಲ್ಲ. ಎರಡು ದಿನ ಅನ್ನ ಮುಟ್ಟಲಿಲ್ಲ. ನೆಂಟನಿಗೆ ಅಜ್ಜಿ ಮಾಡಿದ ಮಂಗಳಾರತಿಯನ್ನು ಇಲ್ಲಿ ಬರೆಯುವಂತಿಲ್ಲ. ಅವತ್ತು ಸಂಜೆ ಹಿತ್ತಲ ಕಟ್ಟೆಯ ಮೇಲೆ ನಮ್ಮನ್ನೆಲ್ಲ ಸೇರಿಸಿ ಅವಳು ಕಟ್ಟಪ್ಪಣೆ ಮಾಡಿದಳು.

“ಇನ್ ಈ ಮನೇಲಿ ಬಾವಿ ಅನ್ನಂಗಿಲ್ಲ, ಮುನಿರಾಜ ಅನ್ನಂಗಿಲ್ಲ. ಅವ್ನಾಗೇ ಆ ಮಾತ್ ಎತ್ತುದ್ರೂ ಬ್ಯಾರೆ ಮಾತಿಗೆ ತಿರುಗ್ಸಬೇಕು. ಗಾಯ ಕೆರುದ್ರೆ ಮಾಯ್ತದಾ?”

ಮಾತು ತಿರುಗಿಸುವ ಕಲೆಯಲ್ಲಿ ಮನೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಅಪ್ಪ ಯಶವಂತಪುರದ ಕಡೆ ಕಾರ್ಖಾನೆಯ ಕೆಲಸಕ್ಕೆ ಕತ್ತಲಿರುವಾಗಲೇ ಹೊರಡುತ್ತಿದ್ದವನು, ಮೊದಲೇ ಮಾತು ಕಡಿಮೆ. ಅಮ್ಮನಿಗೆ ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತಿತ್ತು. ನನಗೆ ಹಾಗೇನೂ ಆಗುತ್ತಿರಲಿಲ್ಲ. ಚಿಕ್ಕಪ್ಪ ಒಂದೇ ಕಡೆ ನೋಡುತ್ತ ಕೂತರೆ ಸಾಕು, ಶಾಲೆಯ ಕಥೆಯೋ, ಪಕ್ಕದ ಮನೆಯವರ ಎಮ್ಮೆ ಕಥೆಯೋ ಹಿಡಿದು ಎದುರು ಹಾಜರಾಗುತ್ತಿದ್ದೆ. ಅವನು ನಕ್ಕರೆ ಅಜ್ಜಿ ಒಳಗಿಂದಲೇ ನನ್ನ ಕಡೆ ನೋಡಿ ತಲೆಯಾಡಿಸುವಳು. ಆ ತಲೆಯಾಡಿಸುವಿಕೆಗಾಗಿ ನಾನು ಏನು ಬೇಕಾದರೂ ಹೇಳುತ್ತಿದ್ದೆ.

ಎರಡನೆಯ ವರ್ಷದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವನಿಗೆ ಮಜ್ಜಿಗೆ ತೆಗೆದುಕೊಂಡು ತೋಟಕ್ಕೆ ಹೋಗಿದ್ದೆ. ದ್ರಾಕ್ಷಿ ಚಪ್ಪರದ ಕೆಳಗೆ ಅವನು ಬಳ್ಳಿಗಳನ್ನು ತಂತಿಗೆ ಕಟ್ಟುತ್ತಿದ್ದ. ಆ ಕೆಲಸ ಅವನಿಗೆ ಹೇಳಿ ಮಾಡಿಸಿದಂತಿತ್ತು: ಕೈ ಮೇಲೆ, ಕಣ್ಣು ಮೇಲೆ, ಎಲೆಗಳ ಸಂದಿನಲ್ಲಿ ಆಕಾಶ. ಮಜ್ಜಿಗೆ ಕುಡಿದು ಚೊಂಬು ಕೆಳಗಿಟ್ಟು, ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತ. ಮೈ ನಡುಗುತ್ತಿರಲಿಲ್ಲ, ಹಲ್ಲು ಕಡಿಯುತ್ತಿರಲಿಲ್ಲ. ಮುಖ ಶಾಂತವಾಗಿತ್ತು.

“ಕೂಸೇ, ಮುನಿರಾಜ ಆವತ್ತು ಒಳಗೆ ನಂಗೊಂದು ಮಾತು ಏಳ್ದ. ಅದ್ನ ನೀನು...”

“ಚಿಕ್ಕಪ್ಪಾ, ಅಲ್ನೋಡು ಅಳಿಲು!”

ಅಳಿಲು ಇರಲಿಲ್ಲ. ನಾನು ಬೆರಳು ತೋರಿಸಿದ ಕಡೆ ಅವನು ತಿರುಗಿ ನೋಡಿದ, ಬಹಳ ಹೊತ್ತು ಹುಡುಕಿದ. ಆಮೇಲೆ ‘ಹೌದು ಕಣೇ, ಓಡೋಯ್ತು’ ಎಂದು ಎದ್ದು ಬಳ್ಳಿಗೆ ಕೈ ಹಾಕಿದ. ನಾನು ಇದನ್ನು ಮನೆಯಲ್ಲಿ ಹೇಳಿದೆ. ಅಜ್ಜಿ ನನ್ನ ಕೆನ್ನೆ ನೀವಿ, ನೆಟಿಕೆ ಮುರಿದು ದೃಷ್ಟಿ ತೆಗೆದಳು. ಅಮ್ಮ ಮಾತ್ರ ಸಾರು ಕುದಿಯುವುದನ್ನೇ ನೋಡುತ್ತ ನಿಂತಿದ್ದಳು. ಚಿಕ್ಕಪ್ಪ ಆ ಮಾತನ್ನು ಮತ್ತೆ ನನ್ನ ಮುಂದೆ ಎತ್ತಲಿಲ್ಲ, ನನಗೆ ತಿಳಿದ ಮಟ್ಟಿಗೆ ಯಾರ ಮುಂದೆಯೂ ಎತ್ತಲಿಲ್ಲ.

ಇನ್ನು ಪಿಳ್ಳಮ್ಮನ ವಿಷಯ. ಪಿಳ್ಳಮ್ಮ ಮುನಿರಾಜುವಿನ ತಾಯಿ, ಗಂಡನಿಲ್ಲದವಳು, ಹೆಬ್ಬಾಳದ ಹತ್ತಿರ ಒಬ್ಬರ ಹೂವಿನ ತೋಟದಲ್ಲಿ ಕೂಲಿ ಮಾಡುತ್ತಿದ್ದಳು. ನಮ್ಮ ಕಡೆ ಪಿತೃಪಕ್ಷದ ಅಮಾವಾಸ್ಯೆಗೆ ಸತ್ತವರಿಗೆ ಎಡೆ ಇಡುತ್ತಾರೆ. ಬಾಳೆಲೆಯಲ್ಲಿ ಅವರಿಗೆ ಇಷ್ಟವಾದದ್ದೆಲ್ಲ ಇರಬೇಕು, ಬೀಡಿ ಸೇದುತ್ತಿದ್ದವರಿಗೆ ಬೀಡಿ ಕೂಡ. ಪ್ರಾಣ ಹೋಗುವಾಗ ಬಾಯಿ ಬಿಟ್ಟು ಏನಾದರೂ ಕೇಳಿ, ಅದು ಸಿಗದೆ ಹೋದವರಾದರಂತೂ ಅದನ್ನು ಇಡಲೇಬೇಕು. ಇಡದಿದ್ದರೆ ಕಾಗೆ ಎಡೆಯನ್ನು ಮುಟ್ಟುವುದಿಲ್ಲ, ಸತ್ತವರು ಹಸಿದುಕೊಂಡೇ ಹಿಂದಿರುಗುತ್ತಾರೆ. ಮೊದಲ ವರ್ಷವೇ, ಅಮಾವಾಸ್ಯೆಗೆ ನಾಲ್ಕು ದಿನವಿರುವಾಗ, ಪಿಳ್ಳಮ್ಮ ಹೆಬ್ಬಾಳದಿಂದ ನಡೆದು ನಮ್ಮ ಜಗಲಿಗೆ ಬಂದಳು. ಕೈಯಲ್ಲಿ ಎಲೆಯಲ್ಲಿ ಸುತ್ತಿದ ಕಾಕಡ ಹೂವು, ಅಜ್ಜಿಯ ದೇವರಿಗೆಂದು. ಚಿಕ್ಕಪ್ಪ ಆಗ ತೋಟದಲ್ಲಿದ್ದ.

“ನನ್ ಮಗ ಕೊನೇಲಿ ಏನಾರ ಕೇಳುದ್ನಾ ಅಂತ ಕಿಟ್ಟಪ್ಪುನ್ನ ಒಂದ್ ಮಾತು ಕೇಳ್ಬೇಕಿತ್ತು ಕಣಕ್ಕಾ. ಎಡೆಗೆ ಇಡಾನ ಅಂತ.”

“ಅವ್ನು ಇಲ್ಲ ಕಣವ್ವ, ದೊಡ್ಡಬಳ್ಳಾಪುರದ ಕಡೆ ನೆಂಟ್ರ ಮನೇಗೆ ಓಗವ್ನೆ. ಅಬ್ಬ ಕಳ್ದೇ ಬರಾದು.”

“ಉಸಾರಾಗವ್ನಾ? ಸರ್ಯಾಗಿ ಉಂಬ್ತಾನಾ?”

“ಏನೋ, ಅವ್ನೆ.”

ಅಜ್ಜಿ ಅವಳಿಗೆ ಕಾಫಿ ಕೊಟ್ಟಳು, ಮೊರದ ತುಂಬ ಅವರೆಕಾಳು ಕೊಟ್ಟಳು, ಸೆರಗಿಗೆ ಬಾಳೆಹಣ್ಣು ಹಾಕಿದಳು. ಮಗನನ್ನು ಮಾತ್ರ ಕೊಡಲಿಲ್ಲ. ಪಿಳ್ಳಮ್ಮ ಬೀದಿ ತಿರುಗಿದ ಮೇಲೆ ಅಮ್ಮನಿಗೂ ಅಜ್ಜಿಗೂ ಜಗಳ ಹತ್ತಿತು. ಅತ್ತೆಗೆ ಎದುರಾಡದ ಅಮ್ಮ ಅವತ್ತು ಸೌದೆಯನ್ನು ನೆಲಕ್ಕೆ ಕುಕ್ಕಿದ್ದು ನನಗೆ ಚೆನ್ನಾಗಿ ನೆನಪಿದೆ.

“ನಮ್ ಬಾವೀಲಿ ಮಗುನ್ನ ಕಳ್ಕೊಂಡೋಳು ಅತ್ತೆ ಆವಮ್ಮ. ಒಂದ್ ಮಾತು ಕೇಳಕ್ಕೆ ಬಂದವ್ಳೆ, ಭಾಗ್ಯ ಕೇಳಕ್ಕಲ್ಲ. ಒಂದ್ಸಲ ಇಬ್ರುನ್ನೂ ಎದ್ರುಬದ್ರು ಕೂರ್ಸಿಬಿಡಿ.”

“ನಿನ್ ಹೊಟ್ಟೇಲ್ ಉಟ್ಟಿದ್ರೆ ಕೂರುಸ್ತಿದ್ಯಾ? ಮಣ್ಣಿಂದ ಎದ್ ಬಂದ ಮಗುನ್ನ ಮತ್ತೆ ಮಣ್ಣಿಗ್ ತಳ್ಳಕ್ಕೆ ನಂಗಾಗಲ್ಲ. ಸುಮ್ಕಿರು.”

ಅಜ್ಜಿಯದು ಹೆತ್ತ ಕರುಳು, ಅದರಲ್ಲಿ ಅನುಮಾನವಿಲ್ಲ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ‘ನಮ್ಮ ಬಾವಿ’ ಎಂದು ಅಮ್ಮ ಅಂದಾಗ ಅಜ್ಜಿಯ ಮುಖ ಕಪ್ಪಿಟ್ಟಿದ್ದನ್ನು ನಾನು ನೋಡಿದೆ. ಪಿಳ್ಳಮ್ಮನ ಎದುರು ನಿಲ್ಲಲು ಅವಳಿಗೇ ಭಯವಿತ್ತು. ಎರಡನೆಯ ವರ್ಷವೂ ಪಿಳ್ಳಮ್ಮ ಬಂದಳು, ಅದೇ ಹೂವು, ಅದೇ ಪ್ರಶ್ನೆ. ಈ ಸಲ ಚಿಕ್ಕಪ್ಪನನ್ನು ಮಾಗಡಿ ಕಡೆಗೆ ಕಳಿಸಿದ್ದೆವು, ಬಾಯಿಮಾತಿನಲ್ಲಿ. ಹೊರಡುವಾಗ ಅವಳು ನನ್ನ ತಲೆ ಸವರಿ, ‘ನಿಮ್ ಚಿಕ್ಕಪ್ಪುನ್ನ ಚೆನ್ನಾಗ್ ನೋಡ್ಕೋ ಕೂಸೇ’ ಎಂದಳು.

ಮೂರನೆಯ ವರ್ಷ ನನಗೆ ಹನ್ನೆರಡು. ಅಜ್ಜಿ ಯಲಹಂಕದಲ್ಲಿದ್ದ ತಂಗಿಗೆ ಮೈ ಚೆನ್ನಾಗಿಲ್ಲವೆಂದು ನೋಡಲು ಹೋಗಿದ್ದಳು. ಅಮ್ಮ ಒಳಗೆ ಹಬ್ಬದ ಕಜ್ಜಾಯಕ್ಕೆ ಬೆಲ್ಲದ ಪಾಕ ತೆಗೆಯುತ್ತಿದ್ದಳು, ಘಮ ಬೀದಿಯವರೆಗೂ ಬರುತ್ತಿತ್ತು. ಪಾಕ ಹದಕ್ಕೆ ಬಂದಾಗ ಒಲೆ ಬಿಟ್ಟು ಏಳುವಂತಿಲ್ಲ. ಜಗಲಿಯಲ್ಲಿ ನಾನೊಬ್ಬಳೇ. ಪಿಳ್ಳಮ್ಮ ಬಂದು ಕೂತಳು. ಹಿಂದಿನ ವರ್ಷಕ್ಕಿಂತ ಸೊರಗಿದ್ದಳು. ಹೂವನ್ನು ತಾನೇ ಮುರಿದು ನನ್ನ ಜಡೆಗೆ ಮುಡಿಸಿದಳು. ಚಿಕ್ಕಪ್ಪ ಊರಲ್ಲಿಲ್ಲ ಎಂದು ನಾನು ಒಪ್ಪಿಸಿದೆ, ಮಗ್ಗಿ ಒಪ್ಪಿಸಿದಂತೆ. ಅವಳು ಎದ್ದು ಹೋಗಲಿಲ್ಲ. ಎರಡು ವರ್ಷವೂ ಕಾಗೆ ಎಡೆಯ ಹತ್ತಿರ ಬಂದು ಕೂತು, ನೋಡಿ, ಮುಟ್ಟದೆ ಹಾರಿಹೋಯಿತಂತೆ. ಅದನ್ನು ನನ್ನಂಥ ಹುಡುಗಿಗೆ ಹೇಳಿಕೊಂಡಳು. ಅಷ್ಟರಲ್ಲಿ ಬೀದಿಯ ಕೊನೆಯಿಂದ ಚಿಕ್ಕಪ್ಪ ಯಾರನ್ನೋ ಮಾತಾಡಿಸುತ್ತಿದ್ದ ದನಿ ನನಗೆ ಕೇಳಿಸಿತು. ತಿಂಡಿಗೆ ಬರುವ ಹೊತ್ತಾಗಿತ್ತು. ಇವಳನ್ನು ನೋಡಿದರೆ ಅವನ ಹಲ್ಲು ಕಡಿಯುತ್ತದೆ, ಕಂಬ ತಬ್ಬಿಕೊಳ್ಳುತ್ತಾನೆ, ಅಜ್ಜಿಯಿಲ್ಲದ ಹೊತ್ತಿನಲ್ಲಿ ಎಲ್ಲ ನನ್ನ ತಲೆಯ ಮೇಲೆ ಬರುತ್ತದೆ ಎಂದು ಹೆದರಿದೆ. ಅದೇ ಕ್ಷಣ ಅವಳು ನನ್ನ ಕೈ ಹಿಡಿದು ಕೇಳಿದಳು.

“ಕೂಸೇ, ನಿಂಗಾದ್ರೂ ಏನಾರ ಏಳಿದ್ನಾ ನಿಮ್ ಚಿಕ್ಕಪ್ಪ? ನನ್ ಮಗ ಕೊನೇಲಿ ಏನಂದ ಅಂತ?”

ಅವನು ನನಗೆ ಹೇಳಲು ಕೂತಿದ್ದ. ಅಳಿಲು ತೋರಿಸದೆ ಇದ್ದಿದ್ದರೆ ನನ್ನ ಬಳಿ ಅವಳಿಗೆ ಕೊಡಲು ನಿಜವಾದ ಉತ್ತರ ಇರುತ್ತಿತ್ತು. ಇದ್ದದ್ದು ಮೂಗಿಗೆ ಬಡಿಯುತ್ತಿದ್ದ ಬೆಲ್ಲದ ಘಮ ಮಾತ್ರ.

“ಹೂಂ, ಹೇಳಿದ್ದ. ಕಜ್ಜಾಯ ತಿನ್ಬೇಕು ಅಂದ್ರಂತೆ.”

ಅವಳ ಹಿಡಿತ ಸಡಿಲವಾಯಿತು.

“ಕಜ್ಜಾಯ್ವಾ? ಅಯ್ಯೋ ನನ್ ಕಂದಾ. ಆ ವರ್ಸ ದೀಪಾವಳೀಲಿ ಕೇಳಿದ್ದ. ಬೆಲ್ಲ ಇಲ್ಲ ಓಗೋ ಅಂದ್ಬುಟ್ಟೆ ನಾನು.”

ಅಳುತ್ತಲೇ ಎದ್ದು, ಎರಡು ಕೈಯಿಂದ ನನ್ನ ಮುಖ ಹಿಡಿದು, ‘ನಿನ್ ಹೊಟ್ಟೆ ತಣ್ಣಗಿರ್ಲಿ’ ಎಂದು ಹರಸಿ, ಬೇಗ ಬೇಗ ಹೊರಟುಹೋದಳು. ಅಕ್ಕಿ ನೆನೆಹಾಕಬೇಕಿತ್ತಲ್ಲ, ಅವಳಿಗೆ ಹೊತ್ತಾಗಿತ್ತು. ಅವಳು ದೇವಸ್ಥಾನದ ಓಣಿಗೆ ತಿರುಗಿದಳು, ಚಿಕ್ಕಪ್ಪ ಕೆರೆ ಕಡೆಯಿಂದ ಬಂದ. ಕಾಲು ತೊಳೆದು ಒಳಗೆ ಬರುತ್ತ ನನ್ನ ಜಡೆ ನೋಡಿ ನಿಂತ.

“ಕಾಕಡ ಯಾರ್ ಕೊಟ್ರು? ಯಾರಾರ ಬಂದಿದ್ರಾ?”

“ಹೂವಿನವಳು ಬಂದಿದ್ಲು. ಅಮ್ಮ ತಗೊಂಡ್ಲು.”

ಅವನು ಬೀದಿಯ ಎರಡೂ ಕಡೆ ಒಮ್ಮೆ ನೋಡಿ, ತಟ್ಟೆ ತರಲು ಒಳಗೆ ಹೋದ. ಸಂಜೆ ಅಜ್ಜಿ ಬಂದಾಗ ನಡೆದದ್ದನ್ನೆಲ್ಲ ಹೇಳಿದೆ. ಅವಳು ‘ಸಾವ್ರ ಸುಳ್ಳೇಳಿ ಒಂದ್ ಮದ್ವೆ ಮಾಡು ಅಂತಾರೆ. ನೀನು ಒಂದ್ ಸುಳ್ಳಲ್ಲಿ ಎರಡು ಜೀವ ತಣ್ಣಗ್ ಮಾಡ್ದೆ ಬಿಡು’ ಎಂದಳು. ಅವಳ ಮಾತು ನಿಜವೆಂದೇ ನಾನು ನಂಬಿದೆ. ಪಿಳ್ಳಮ್ಮ ಮತ್ತೆ ಬರಲಿಲ್ಲ. ಕೇಳಬೇಕಾದದ್ದು ಸಿಕ್ಕಿತ್ತು, ಯಾಕೆ ಬರುತ್ತಾಳೆ? ಅಮಾವಾಸ್ಯೆಯ ಮಾರನೆಯ ದಿನ ಹೆಬ್ಬಾಳದ ಕಡೆಯಿಂದ ಒಬ್ಬರ ಕೈಯಲ್ಲಿ ಒಂದು ಪೊಟ್ಟಣ ಬಂತು, ಕಾಗೆ ಮುಟ್ಟಿತು ಎಂಬ ಸುದ್ದಿಯೊಂದಿಗೆ. ಒಳಗೆ ಆರು ಕಜ್ಜಾಯ, ಅಂಚು ಸ್ವಲ್ಪ ಸೀದಿದ್ದವು. ಅಜ್ಜಿ ಅವನ್ನು ಚಿಕ್ಕಪ್ಪನ ತಟ್ಟೆಗೂ ಹಾಕಿದಳು. ‘ಯಾರ್ ಮನೇದು?’ ಎಂದು ಅವನು ಕೇಳಿದ. ‘ನೆಂಟ್ರ ಮನೇದು’ ಎಂದಳು ಅಜ್ಜಿ. ಅವನು ಎರಡು ತಿಂದು, ಚೆನ್ನಾಗಿದೆ ಎಂದ. ನನ್ನ ಪಾಲಿನದನ್ನು ಹಿತ್ತಲಿಗೆ ಹೋಗಿ ಹಸುವಿನ ಬಾನಿಗೆ ಹಾಕಿದೆ. ಅಮ್ಮ ನೋಡಿದಳು, ಬೈಯಲಿಲ್ಲ.

ಆ ಮನೆಯಲ್ಲಿ ಕಲಿತ ವಿದ್ಯೆ ನನ್ನನ್ನು ಬಿಟ್ಟುಹೋಗಲಿಲ್ಲ. ಸಂಜಯನಗರದ ಶಾಲೆಯೊಂದರಲ್ಲಿ ಟೀಚರಾದೆ. ಅಳುವ ಮಕ್ಕಳನ್ನು ಒಂದು ನಿಮಿಷದಲ್ಲಿ ನಗಿಸುತ್ತೇನೆಂಬ ಹೆಸರಿತ್ತು. ಯಾಕೆ ಅಳುತ್ತೀ ಎಂದು ಎಷ್ಟು ಮಕ್ಕಳನ್ನು ಕೇಳಿದ್ದೆ ಎಂದು ಈಗ ಲೆಕ್ಕ ಹಾಕಲು ಹೆದರಿಕೆ. ನನ್ನ ಯಜಮಾನರು ಆಸ್ಪತ್ರೆಯ ಹಾಸಿಗೆಯಲ್ಲಿ, ‘ನಾನು ಹೋದ್ಮೇಲೆ’ ಎಂದು ಮಾತು ಶುರು ಮಾಡಿದಾಗ ದಿಂಬು ಸರಿಪಡಿಸಿ ಗಂಜಿಯ ವಿಷಯ ತೆಗೆದೆ. ಅವರು ಗಂಜಿ ಕುಡಿದರು. ಅವರು ಹೋದ ಮೇಲೆ ಮಗಳು ಒಂದು ದಿನ ಸಿಟ್ಟಿನಿಂದ ಅಂದಳು, ‘ಅಮ್ಮಾ, ನಿನ್ ಹತ್ರ ಯಾರೂ ಏನೂ ಹೇಳಕ್ಕಾಗಲ್ಲ’ ಎಂದು. ನಾನು ಅವಳಿಗೂ ಏನೋ ಹೇಳಿ ನಗಿಸಿದೆ.

ಹೋದ ವರ್ಷ ಒಂದು ಬೆಳಿಗ್ಗೆ ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಸ್ಕೂಟರಿನಲ್ಲಿ ನನ್ನ ಮನೆ ಹುಡುಕಿಕೊಂಡು ಬಂದಳು. ಹೆಸರು ಸುಮಾ, ಮುನಿರಾಜುವಿನ ಅಕ್ಕನ ಮೊಮ್ಮಗಳು. ಶಾಲೆಯಲ್ಲಿ ವಿಳಾಸ ಕೇಳಿಕೊಂಡು ಬಂದಿದ್ದಳು.

“ಪಿಳ್ಳಮ್ಮಜ್ಜಿ ತೀರ್ಕೊಂಡ್ರು ಮೇಡಂ. ಸೋಮವಾರ ತಿಥಿ. ಕಜ್ಜಾಯದ ವಿಷ್ಯ ಹೇಳಿದ್ದು ನೀವೇ ಅಂತೆ, ನಿಮ್ಮನ್ನ ಕರೀಲೇಬೇಕು ಅಂತ ಅಜ್ಜಿ ಹೇಳಿಟ್ಟಿದ್ರು.”

ಪ್ರತಿ ಪಿತೃಪಕ್ಷಕ್ಕೂ ಮಾಡುತ್ತಿದ್ದರಂತೆ, ಒಂದು ವರ್ಷವೂ ತಪ್ಪಿಸಲಿಲ್ಲವಂತೆ. ಕೊನೆಯ ಎರಡು ವರ್ಷ ಕೈ ನಡುಗುತ್ತಿದ್ದುದರಿಂದ ಹಿಟ್ಟು ಸುಮಾಳೇ ಕಲಸಿದ್ದಳು, ಎಣ್ಣೆಗೆ ಬಿಟ್ಟದ್ದು ಮಾತ್ರ ಅಜ್ಜಿ. ನಾನು ಕೇಳದೆಯೇ ಅವಳು ಇನ್ನೊಂದು ಮಾತು ಹೇಳಿದಳು.

“ಕಿಟ್ಟಪ್ಪ ಒಂದ್ಸಲನಾದ್ರೂ ನನ್ನ ನೋಡಕ್ಕೆ ಬರ್ತಾನೆ ಅಂತ ಅಜ್ಜಿ ಹೇಳ್ತಿದ್ರು ಮೇಡಂ. ಅವ್ರು ಇದ್ದಾರಾ?”

ಇದ್ದಾನೆ. ನಮ್ಮ ಹಳೆಯ ಮನೆ ಕೆಡವಿ ನನ್ನ ತಮ್ಮ ಕಟ್ಟಿಸಿದ ಮೂರು ಮಹಡಿಯ ಮನೆಯಲ್ಲಿ, ಟೆರೇಸಿನ ಮೇಲೆ, ಬಾಗಿಲಿಲ್ಲದ ಒಂದು ಶೀಟಿನ ಕೋಣೆ ಅವನದು. ಎಪ್ಪತ್ತು ದಾಟಿದೆ, ಮದುವೆಯಾಗಲಿಲ್ಲ. ದ್ರಾಕ್ಷಿ ತೋಟ ಇದ್ದಲ್ಲಿ ಅಪಾರ್ಟ್‌ಮೆಂಟುಗಳಿವೆ. ಅವನು ಕುಂಡಗಳಲ್ಲಿ ಎರಡು ಬಳ್ಳಿ ಹಬ್ಬಿಸಿಕೊಂಡಿದ್ದಾನೆ. ಸುಮಾ ಹೋದ ಅರ್ಧ ಗಂಟೆಗೆ ನಾನು ಆಟೋ ಹತ್ತಿದೆ. ಹೆಬ್ಬಾಳದ ಫ್ಲೈಓವರ್ ಮೇಲೆ ಸಿಕ್ಕಿಹಾಕಿಕೊಂಡಷ್ಟು ಹೊತ್ತೂ ಹಿಂದಿರುಗಿ ಹೋಗಲು ಕಾರಣ ಹುಡುಕುತ್ತಿದ್ದೆ. ವಯಸ್ಸಾದವನು, ಬಿಪಿ ಇದೆ, ಈಗ ಯಾಕೆ ಎಂದು ಅಜ್ಜಿಯ ದನಿಯಲ್ಲೇ ನನಗೆ ನಾನು ಹೇಳಿಕೊಂಡೆ. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ಅವನ ಎದುರು ಕೂತವಳು, ಉಸಿರು ಹದಕ್ಕೆ ಬರುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟೆ. ಜಗಲಿ, ಮೂರು ವರ್ಷ, ಹೂವು, ಕಜ್ಜಾಯ, ಪೊಟ್ಟಣ, ಅವಳು ತೀರಿಕೊಂಡದ್ದು. ಅವನ ಹಲ್ಲು ಕಡಿಯುತ್ತದೇನೋ ಎಂದು ನೋಡುತ್ತಿದ್ದೆ. ಏನೂ ಆಗಲಿಲ್ಲ. ಅವನು ನೆಲ ನೋಡುತ್ತ ಕೂತಿದ್ದ.

“ಮೂರ್ ವರ್ಸಾನೂ ಬಂದಿದ್ಲಾ ಆಯಮ್ಮ?”

“ಬಂದಿದ್ರು ಚಿಕ್ಕಪ್ಪ.”

“ನನ್ನ ಬೈದ್ಲಾ?”

“ಇಲ್ಲ. ಹುಷಾರಾಗಿದಾನಾ, ಸರಿಯಾಗಿ ಊಟ ಮಾಡ್ತಾನಾ ಅಂತ ಕೇಳ್ತಿದ್ರು. ನಿನ್ನ ಚೆನ್ನಾಗಿ ನೋಡ್ಕೋ ಅಂತ ನಂಗೆ ಹೇಳಿ ಹೋಗಿದ್ರು.”

ಅವನು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಮತ್ತೆ ಒರೆಸಿಕೊಂಡ.

“ಶಾಪ ಆಕ್ತವ್ಳೆ ಅಂದ್ಕಂಡಿದ್ದೆ ಕಣೇ. ನನ್ ಮಗುನ್ನ ಬಿಟ್ಟು ನೀನೊಬ್ನೇ ಯಾಕೋ ಬಂದೆ ಅಂತಾಳೆ ಅಂತ. ಅದುಕ್ಕೇ ನಾನು ಆ ಕಡೆ ಕಾಲೇ ಇಕ್ಲಿಲ್ಲ. ಕ್ವಾಪ ಇಳುದ್ರೆ ಆಯಮ್ಮನೇ ಬರ್ತಾಳೆ, ಬಂದ್ರೆ ಏಳಾನ ಅಂತ ಕಾಯ್ತಿದ್ದೆ. ಯಾರಾರ ಬಂದಿದ್ರಾ ಅಂತ ನಿಮ್ಮುನ್ನ ಕೇಳ್ತಿರ್ಲಿಲ್ವಾ?”

ಕೇಳುತ್ತಿದ್ದ. ತೋಟದಿಂದ ಬಂದಾಗಲೆಲ್ಲ ಕೇಳುತ್ತಿದ್ದ. ಅದು ಅವನ ವಾಡಿಕೆಯ ಮಾತು ಎಂದುಕೊಂಡಿದ್ದೆವು. ನಾನು ಅವನ ಕೈ ಹಿಡಿದುಕೊಂಡೆ. ಬಾಯಿಗೆ ಬೇರೆ ಮಾತುಗಳು ಬಂದವು, ಬಳ್ಳಿಯ ವಿಷಯ, ಬಿಸಿಲಿನ ವಿಷಯ. ಅವನ್ನೆಲ್ಲ ನುಂಗಿ, ಜೀವಮಾನದಲ್ಲಿ ಮೊದಲ ಸಲ ಅವನನ್ನು ಕೇಳಿದೆ.

“ಮುನಿರಾಜು ಏನಂದಿದ್ರು ಚಿಕ್ಕಪ್ಪ? ಹೇಳು, ಕೇಳ್ತೀನಿ. ಎಷ್ಟೊತ್ತಾದ್ರೂ ಕೇಳ್ತೀನಿ.”

ಅವನು ನನ್ನ ಮುಖವನ್ನು ಸಿಟ್ಟಿಲ್ಲದೆ ನೋಡಿದ. ನಿಧಾನವಾಗಿ ಕೈ ಬಿಡಿಸಿಕೊಂಡ.

“ಅದು ನಿಂಗ್ ಏಳಿದ್ದಲ್ಲ ಕೂಸೇ. ಅವ್ರವ್ವುಂಗೆ ಏಳು ಅಂತ ಏಳಿದ್ದು.”